ಆನೆಕಾಲು ರೋಗದ ಹುಳ ಮೈಯಲ್ಲಿದ್ದರೂ ಕೆಲವರಿಗೆ ಮಾತ್ರ ಕಾಲು ಊದುವುದು ಯಾಕೆ?

ಕಾಲು ಊದಲು ಹುಳ ಒಂದೇ ಕಾರಣ ಅಲ್ಲ. ಅದರ ಮೇಲೆ ನಮ್ಮ ಮೈ ಎಷ್ಟು ಜೋರಾಗಿ ತಿರುಗಿಬೀಳುತ್ತದೆ ಅನ್ನುವುದೂ ಮುಖ್ಯ.

ಸೊಳ್ಳೆ ಕಡಿತದಿಂದ ಬರುವ ವುಚೆರೇರಿಯಾ ಬ್ಯಾಂಕ್ರಾಫ್ಟಿ ಹುಳ ದುಗ್ಧನಾಳಗಳಲ್ಲಿ, ಅಂದರೆ ಮೈಯಲ್ಲಿ ಸೇರುವ ಹೆಚ್ಚುವರಿ ನೀರನ್ನು ಸಾಗಿಸುವ ಕೊಳವೆಗಳಲ್ಲಿ, ವರ್ಷಗಟ್ಟಲೆ ಬದುಕುತ್ತದೆ. ಇಷ್ಟು ದೊಡ್ಡ ಜೀವಿಯನ್ನು ಬಿಳಿ ರಕ್ತಕಣ ನುಂಗಲಾರದು. ಇಯೋಸಿನೋಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳು ಸುತ್ತುವರಿದು ವಿಷ ಸುರಿಸಬೇಕು. ಆಗ ಹುಳದ ಜೊತೆ ನಾಳಕ್ಕೂ ಪೆಟ್ಟು ಬೀಳುತ್ತದೆ ಅಲ್ವಾ? ಅದಕ್ಕೇ ಬಹಳ ಜನರಲ್ಲಿ ಮೈ ರಾಜಿಗೆ ಬರುತ್ತದೆ. ಮೈಯ ದಾಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕಣಗಳು ಜಾಸ್ತಿಯಾಗುತ್ತವೆ, ಐಎಲ್-10 ಎಂಬ ಸಂದೇಶವಸ್ತು ಉರಿಯೂತವನ್ನು ತಗ್ಗಿಸುತ್ತದೆ. ಇಂಥವರ ರಕ್ತವನ್ನು ರಾತ್ರಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದು ಹನಿಯಲ್ಲೇ ಮರಿಹುಳಗಳು ಹೊರಳಾಡುವುದು ಕಾಣಬಹುದು. ಆದರೂ ಜ್ವರವಿಲ್ಲ, ಊತವಿಲ್ಲ.

ಕಾಲು ಊದಿದವರಲ್ಲಿ ಇದು ತಿರುಗಾಮುರುಗಾ. ಸಾಮಾನ್ಯವಾಗಿ ರಕ್ತದಲ್ಲಿ ಮರಿಗಳೇ ಸಿಗುವುದಿಲ್ಲ, ಉರಿಯೂತ ಮಾತ್ರ ಜೋರು. ಹುಳ ಸತ್ತಾಗ ಅದರೊಳಗಿನ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊರಬಂದು ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ. ಚರ್ಮದ ಬಿರುಕಿನಿಂದ ಬೇರೆ ಬ್ಯಾಕ್ಟೀರಿಯಾ ನುಗ್ಗಿದರೆ ಊತ ಏರುತ್ತಲೇ ಹೋಗುತ್ತದೆ. ದಿನಾ ಸೋಪು ಹಚ್ಚಿ ಕಾಲು ತೊಳೆದು, ಬೆರಳ ಸಂದಿ ಒರೆಸಿಕೊಳ್ಳುವುದು ನಿಜಕ್ಕೂ ದೊಡ್ಡ ಚಿಕಿತ್ಸೆ.

ಕಲಬುರಗಿ, ಯಾದಗಿರಿ ಕಡೆ ಮನೆಮನೆಗೆ ಈ ಹುಳದ ಮರಿಗಳನ್ನು ಕೊಲ್ಲುವ ಡಿಇಸಿ ಮಾತ್ರೆ ಕೊಡುತ್ತಾರೆ. "ನನಗೇನೂ ಆಗಿಲ್ವಲ್ಲ" ಅಂತ ಸುಮ್ನೆ ಬಿಡಬೇಡಿ. ಆರೋಗ್ಯವಾಗಿ ಕಾಣುವವರ ರಕ್ತದಿಂದಲೇ ಸೊಳ್ಳೆಯು ಮರಿಹುಳಗಳನ್ನು ಹೊತ್ತೊಯ್ಯುವುದು. ಮಾತ್ರೆ ನುಂಗಿದ ಮೇಲೆ ಜ್ವರ, ತಲೆನೋವು ಬಂದರೆ ಅದು ಹೆಚ್ಚಾಗಿ ಮರಿಗಳು ಸಾಯುತ್ತಿರುವುದರ ಗುರುತು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ.