ಜೋರ್ನಾಡಾ 720ಕ್ಕೆ ನೆಟ್‌ಬಿಎಸ್‌ಡಿ ಹಾಕಬಹುದಾ? – ಪ್ರತಿಕ್ರಿಯೆ

ಹಳೇ ಎಚ್‌ಪಿ ಜೋರ್ನಾಡಾ 720 ಅನ್ನೋ ಪುಟ್ಟ ಕೈಗಂಪ್ಯೂಟರ್‌ಗೆ ನೆಟ್‌ಬಿಎಸ್‌ಡಿ (ಯುನಿಕ್ಸ್ ಥರದ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದರೆ, ಅದರ ಜೊತೆಗೇ ಬಂದಿರೋ ವಿಂಡೋಸ್ ಸಿಇ ಪೂರ್ತಿ ಅಳಿಸಿಹೋಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ಹೋಗೋದಿಲ್ಲ. ಸಿಇ ಇರೋದು ರಾಮ್ ಅನ್ನೋ ತಾತ್ಕಾಲಿಕ ಮೆಮೊರಿಯಲ್ಲಿ ಅಲ್ಲ, ರೋಮ್ ಅನ್ನೋ ಕಾಯಂ ಮೆಮೊರಿಯಲ್ಲಿ. ಅದನ್ನು ನೀವು ಮುಟ್ಟೋದೇ ಇಲ್ಲ.

ಒಂದು ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಮೆಮೊರಿ ಕಾರ್ಡ್ ತಗೊಂಡು ಎರಡು ಪಾರ್ಟಿಷನ್ (ಭಾಗ) ಮಾಡಿ. ಮೊದಲನೆಯದು ಚಿಕ್ಕದಾಗಿ ಫ್ಯಾಟ್ ಅನ್ನೋ ಫೈಲ್ ವ್ಯವಸ್ಥೆಯಲ್ಲಿರಲಿ, ಯಾಕಂದ್ರೆ ಸಿಇಗೆ ಓದೋಕೆ ಬರೋದು ಅದೇ. ಅದರಲ್ಲಿ ನೆಟ್‌ಬಿಎಸ್‌ಡಿ ಶುರು ಮಾಡೋ ಎಚ್‌ಪಿಸಿಬೂಟ್ ಅನ್ನೋ ಪ್ರೋಗ್ರಾಂ ಮತ್ತು ನೆಟ್‌ಬಿಎಸ್‌ಡಿಯ ತಿರುಳಾದ ಕರ್ನಲ್ ಫೈಲ್ ಹಾಕಿ. ಉಳಿದ ಜಾಗ ನೆಟ್‌ಬಿಎಸ್‌ಡಿಗೆ. ಕರ್ನಲ್ ಎಚ್‌ಪಿಸಿಆರ್ಮ್ (ಆರ್ಮ್ ಪ್ರೊಸೆಸರ್ ಇರೋ ಇಂಥ ಕೈಗಂಪ್ಯೂಟರ್‌ಗಳ ನೆಟ್‌ಬಿಎಸ್‌ಡಿ) ವಿಭಾಗದ್ದೇ ಆಗಬೇಕು, ಅದರಲ್ಲೂ 720ಕ್ಕೆ ಅಂತಲೇ ಬೇರೆ ಇದೆ, ಸರಿಯಾಗಿ ನೋಡಿ ಆರಿಸಿ. ಆಮೇಲೆ ಸಿಇ ಒಳಗಿಂದಲೇ ಎಚ್‌ಪಿಸಿಬೂಟ್ ತೆರೆದು, ಮಾಡೆಲ್ ಮತ್ತು ಕರ್ನಲ್ ತೋರಿಸಿ ಬೂಟ್ ಒತ್ತಿದರೆ ಆಯ್ತು.

ಒಂದೇ ಎಚ್ಚರಿಕೆ: ಬೂಟ್ ಒತ್ತಿದ ಕ್ಷಣಕ್ಕೆ ರಾಮ್‌ನಲ್ಲಿರೋ ಫೋನ್ ನಂಬರು, ನೋಟ್ಸು ಎಲ್ಲಾ ಹೋಗುತ್ತೆ. ಮೊದಲೇ ಬ್ಯಾಕಪ್ ಮಾಡ್ಕೊಳ್ಳಿ. ರೀಸೆಟ್ ಮಾಡಿದಾಗ ಸಿಇ ಹೊಸದರ ಹಾಗೆ ಮತ್ತೆ ಏಳುತ್ತೆ.

32 ಎಂಬಿ ರಾಮ್, 206 ಮೆಗಾಹರ್ಟ್ಸ್ ಪ್ರೊಸೆಸರ್ ಇರೋ ಯಂತ್ರದಲ್ಲಿ ಈಗಿನ ಬ್ರೌಸರ್ ಆಸೆ ಬಿಟ್ಟುಬಿಡಿ. ಆದರೆ ವಿಐ ಅನ್ನೋ ಪಠ್ಯ ಎಡಿಟರ್‌ನಲ್ಲಿ ಬರೆಯೋಕೆ, ಸಣ್ಣಪುಟ್ಟ ಸ್ಕ್ರಿಪ್ಟ್ ಓಡಿಸೋಕೆ ಧಾರಾಳ ಸಾಕು, ಕೀಬೋರ್ಡ್ ಅಂತೂ ಚೆನ್ನಾಗಿದೆ ಅಲ್ವಾ! ನೆಟ್‌ವರ್ಕ್ ಬೇಕಂದ್ರೆ ಯಂತ್ರದ ಸ್ಲಾಟ್‌ಗೆ ಹಾಕೋ 16 ಬಿಟ್‌ನ ಪಿಸಿ ಕಾರ್ಡೇ ಹುಡುಕಿ, ಅದರ 32 ಬಿಟ್ ರೂಪವಾದ ಕಾರ್ಡ್‌ಬಸ್ ಇದರಲ್ಲಿ ನಡೆಯೋದಿಲ್ಲ, ತಂದರೆ ಸುಮ್ನೆ ದುಡ್ಡು ದಂಡ.