ಊರಿನವರು ಎಂದು ಪರಿಚಯಿಸಿದ ಅಪ್ಪ

ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಪ್ರಥಮ ಪಿಯುಸಿ ಓದುತ್ತಿರುವ, ಚಳ್ಳಕೆರೆ ಸೀಮೆಯ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮದು ಕಂಬಳಿ ನೇಯುವ ಮನೆ. ಫೀಸು ಕಟ್ಟಲು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ ಅಪ್ಪನನ್ನು ಗೆಳತಿಯರಿಗೆ ನಮ್ಮ ಊರಿನವರು ಎಂದುಬಿಟ್ಟೆ. ಆದರೆ ಬೀರಪ್ಪನ ಹಬ್ಬದ ಡೊಳ್ಳು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಾನು ಯಾವ ಕಡೆಯವಳು?'

ಪರಂಪರೆಯ ಬಗ್ಗೆ ಹೆಮ್ಮೆಪಡಿ ಎಂದು ನಿಮಗೆ ಉಪದೇಶಿಸಲಾರೆ. ವೇದಿಕೆಯ ಮೇಲೆ ಹಾಗೆ ಹೇಳುವ ನಮ್ಮಂಥವರಲ್ಲಿ ಬಹುತೇಕರು ರಾತ್ರಿ ಹೊದೆಯುವುದು ಗಿರಣಿಯ ರಗ್ಗನ್ನೇ. ನಿಮ್ಮ ಮನೆಯ ಮಗ್ಗಕ್ಕೆ ಗಿರಾಕಿ ಕಡಿಮೆಯಾದುದರಲ್ಲಿ ನಮ್ಮ ಪಾಲೂ ಇದೆ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿ, ಬಳಿಕ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ದುಡಿಮೆಗೆ ತಕ್ಕ ಬೆಲೆ ಸಿಗುವುದಿಲ್ಲವೆಂಬುದನ್ನು ನಿಮ್ಮ ತಂದೆಯವರಷ್ಟು ಬಲ್ಲವರು ಯಾರು? ತಿಳಿದೇ ಅವರು ನಿಮ್ಮನ್ನು ಕಾಲೇಜಿಗೆ ಕಳಿಸಿದ್ದಾರೆ. ಹೀಗಾಗಿ, ಮಗ್ಗದಿಂದ ದೂರ ಹೋದೆನೆಂಬ ತಪ್ಪಿತಸ್ಥ ಭಾವನೆಯನ್ನು ನೀವು ಹೊರಬೇಕಾಗಿಲ್ಲ.

ಅಪ್ಪನನ್ನು ಮರೆಮಾಚಿದ ವಿಷಯ ಮಾತ್ರ ಬೇರೆ. ಕಸುಬನ್ನು ಬಿಡಬಹುದು, ಆ ಕಸುಬಿನಿಂದ ಫೀಸು ಕಟ್ಟಿದವರನ್ನು ಯಾರೋ ಎಂದು ಹೇಳಿದ್ದು ನಿಮ್ಮನ್ನು ಕಾಡುತ್ತಿದ್ದರೆ ಅದು ಕಾಡಬೇಕಾದದ್ದೇ. ಆದರೂ ಆ ಕ್ಷಣದ ಭಯ ನನಗೆ ಅರ್ಥವಾಗುತ್ತದೆ; ನಮ್ಮಲ್ಲಿ ಕಂಬಳಿಯನ್ನು ನೋಡಿದವರು ಅದರ ಹಿಂದೆಯೇ ಜಾತಿಯನ್ನು ಲೆಕ್ಕ ಹಾಕುತ್ತಾರೆ, ಹದಿನಾರರ ಹುಡುಗಿಗೆ ಅದು ಹಗುರವಾದ ಸಂಗತಿಯಲ್ಲ. ಮದುವೆಗೂ ನ್ಯಾಯಪಂಚಾಯಿತಿಗೂ ಕರಿಕಂಬಳಿಯ ಗದ್ದಿಗೆ ಹಾಸುವ ಸೀಮೆಯಲ್ಲಿ ಅದೇ ಕಂಬಳಿ ಹೆಗಲೇರಿದರೆ ಮೂಗು ಮುರಿಯುತ್ತಾರೆ ಎಂಬುದು ನಮ್ಮ ಸಮಾಜದ ಸೋಗಲಾಡಿತನ.

ಇನ್ನು ನಿಮ್ಮ ಗೆಳತಿಯರು. 1997ರವರೆಗೆ ಚಳ್ಳಕೆರೆಯೂ ದಾವಣಗೆರೆಯೂ ಚಿತ್ರದುರ್ಗವೆಂಬ ಒಂದೇ ಜಿಲ್ಲೆಯಲ್ಲಿದ್ದವು. ದಾವಣಗೆರೆ ಬೆಳೆದದ್ದೇ ಹತ್ತಿಯ ಗಿರಣಿಗಳಿಂದ. ಮೈಮೇಲೆ ಹತ್ತಿಯ ಧೂಳು ಹೊತ್ತು ಪಾಳಿ ಮುಗಿಸಿ ಮನೆಗೆ ಬರುತ್ತಿದ್ದ ಅಜ್ಜಂದಿರ ಮೊಮ್ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಅವರೂ ಅದನ್ನು ಹೇಳಿಕೊಳ್ಳುತ್ತಿಲ್ಲವೇನೋ. ಎಲ್ಲರ ಮುಂದೆ ಘೋಷಿಸುವ ಅಗತ್ಯವಿಲ್ಲ, ನಿಮಗೆ ನಂಬಿಕೆಯಿರುವ ಒಬ್ಬ ಗೆಳತಿಗೆ ಮೊದಲು ನಿಜ ಹೇಳಿ. ಅವಳು ನಕ್ಕರೆ ಬೇಸರವಾದೀತು. ಆದರೆ ಮುಂದಿನ ಕಂತಿನ ಫೀಸಿಗೆ ಅಪ್ಪ ಬಂದಾಗ ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದು ನಿಮಗೆ ಅಷ್ಟರಲ್ಲಿ ತಿಳಿದಿರುತ್ತದೆ. ಡೊಳ್ಳಿಗೆ ಮೈ ಜುಮ್ಮೆನ್ನುವುದಕ್ಕೆ ಯಾರ ಒಪ್ಪಿಗೆಯೂ ಬೇಡ, ಹಬ್ಬಕ್ಕೆ ರಜೆ ಹಾಕಿ ಊರಿಗೆ ಹೋಗಿ ಬನ್ನಿ.

— ಸಂ.