ಪ್ರೇಮ ಕಾದಂಬರಿ ಮೂರು ಸಲ ವಾಪಸ್ ಬಂತು, ಬರೆಯುವುದನ್ನು ಬಿಡಲೇ?

ಪ್ರಶ್ನೆ: ಹಾಸನದ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೇನೆ. ಕಾಲೇಜಿನ ದಿನಗಳಿಂದ ಮಿಲ್ಸ್ ಅಂಡ್ ಬೂನ್ ಪುಸ್ತಕಗಳೆಂದರೆ ಪ್ರಾಣ. ನಾನೂ ಅಂಥದ್ದೊಂದು ಬರೆಯಬೇಕೆಂದು ನಾಲ್ಕು ವರ್ಷದಿಂದ ಇಂಗ್ಲಿಷಿನಲ್ಲಿ ಒಂದು ಪ್ರೇಮ ಕಾದಂಬರಿ ಬರೆದು, ತಿದ್ದಿ, ಮೂರು ಸಲ ಬೇರೆ ಬೇರೆ ಪ್ರಕಾಶಕರಿಗೆ ಕಳಿಸಿದೆ. ಮೂರು ಸಲವೂ ಬೇಡ ಎಂದರು. ಕೊನೆಯ ಪತ್ರದಲ್ಲಿ ಮಾತ್ರ ‘ನಾಯಕಿ ಇಷ್ಟವಾದಳು, ಆದರೆ ಇಬ್ಬರ ನಡುವಿನ ಸಂಘರ್ಷಕ್ಕೆ ಬಲ ಸಾಲದು’ ಎಂದು ಬರೆದಿದ್ದರು. ಈಗ ಇನ್ನೊಂದು ಸಂಸ್ಥೆಯವರು 60,000 ರೂಪಾಯಿ ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಮನೆಯವರು ‘ಸಾಕು ಬಿಡು’ ಅಂತಾರೆ. ದುಡ್ಡು ಕೊಡಲೇ? ಇಲ್ಲ, ಬರೆಯುವುದನ್ನೇ ಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ದುಡ್ಡು ಕೊಡಬೇಡಿ. ನೀವು ಕಾಯುತ್ತಿರುವುದು ಪ್ರಕಾಶನದ ಒಪ್ಪಂದಕ್ಕೆ. ಅದರಲ್ಲಿ ಪ್ರಕಾಶಕರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗಲ್ಲ. ಸ್ವಂತವಾಗಿ ಪ್ರಕಟಿಸುವುದು ಬೇರೆ ದಾರಿ, ಗೌರವದ ದಾರಿಯೇ. ಆದರೆ ಅದನ್ನು ನೀವೇ ನಿರ್ಧರಿಸಿ, ಹಸ್ತಪ್ರತಿ ತಿದ್ದುವುದಕ್ಕೆ ಮತ್ತು ಮುಖಪುಟಕ್ಕೆ ಯಾರಿಗೆ ಎಷ್ಟು ಕೊಡುತ್ತೀರಿ ಎಂದು ತಿಳಿದುಕೊಂಡು ಮಾಡಬೇಕು. ಬೇಸರದಲ್ಲಿರುವಾಗ ಬಂದ ಫೋನಿಗೆ ಹೂಂ ಅಂದು ಮಾಡುವಂಥದ್ದಲ್ಲ.

ಇನ್ನು ಬಿಡುವ ಮಾತು. ನಿಮಗೆ ಬಂದ ಕೊನೆಯ ಪತ್ರದ ಮಾತು ಓದಿ ನನಗಂತೂ ಖುಷಿಯಾಯಿತು. ಪ್ರಕಾಶಕರ ಮೇಜಿಗೆ ಬರುವ ಹಸ್ತಪ್ರತಿಗಳು ಲೆಕ್ಕವಿಲ್ಲದಷ್ಟು. ಹೆಚ್ಚಿನವಕ್ಕೆ ಎಲ್ಲರಿಗೂ ಹೋಗುವ ಅದೇ ಉತ್ತರ ಹೋಗುತ್ತದೆ. ಅದರಿಂದ ಕಲಿಯುವುದು ಏನೂ ಇರುವುದಿಲ್ಲ, ಅದಕ್ಕೆ ಅಳಲೂಬೇಡಿ. ಆದರೆ ಸಂಪಾದಕರು ನಿಮ್ಮ ಕಥೆಯ ಬಗ್ಗೆಯೇ ಒಂದು ಮಾತು ಬರೆದಿದ್ದಾರೆ ಎಂದರೆ ಕೂತು ಓದಿದ್ದಾರೆ ಎಂದರ್ಥ. ‘ತಿದ್ದಿ ಮತ್ತೆ ಕಳಿಸಿ’ ಎಂಬ ಪತ್ರ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ನೀವು ಅದರ ಹತ್ತಿರ ಬಂದಿದ್ದೀರಿ.

ಸಂಘರ್ಷ ಸಾಲದು ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರೇಮ ಕಾದಂಬರಿಯ ಕೊನೆ ಓದುಗರಿಗೆ ಮೊದಲೇ ಗೊತ್ತು. ಇಬ್ಬರೂ ಒಂದಾಗಲೇಬೇಕು. ಹಾಗಾಗಿ ‘ಇವರು ಹೇಗೆ ಒಂದಾದಾರು?’ ಎಂಬ ಆತಂಕವೇ ಪುಟ ತಿರುಗಿಸುತ್ತದೆ. ಅವನು ಬೇರೆ ಹುಡುಗಿಯ ಜೊತೆ ಕಾಫಿ ಕುಡಿಯುವುದನ್ನು ನೋಡಿ ಇವಳು ಮುನಿಸಿಕೊಂಡಳು ಎನ್ನಿ. ಒಂದು ಫೋನ್ ಮಾಡಿದರೆ ಅದು ಮುಗಿದುಹೋಗುತ್ತದೆ, ಅಲ್ವಾ? ಅವಳ ಅಪ್ಪನ ಕಾಫಿ ತೋಟ ಹರಾಜಿಗೆ ಬಂದಿದೆ, ಕೊಳ್ಳಲು ಬಂದವನು ಅವನೇ ಎಂದರೆ ಕಥೆಗೆ ಸ್ವಲ್ಪ ಜೀವ ಬಂತು. ಆದರೂ ಅದು ಹೊರಗಿನ ಅಡ್ಡಿ.

ಒಳಗಿನದು ಹೀಗಿರಬಹುದು. ಪ್ರತಿ ರೂಪಾಯಿಗೂ ಗಂಡನ ಮುಂದೆ ಕೈಚಾಚುತ್ತಿದ್ದ ಅಮ್ಮನನ್ನು ನೋಡಿ ಬೆಳೆದ ಅವಳು, ಯಾರ ಹಂಗಿಗೂ ಬೀಳುವುದಿಲ್ಲ ಎಂದು ಹಟ ತೊಟ್ಟಿದ್ದಾಳೆ. ಅವನಿಗೋ ಕೊಡುವುದು ಬಿಟ್ಟರೆ ಪ್ರೀತಿ ತೋರಿಸುವ ಬೇರೆ ದಾರಿಯೇ ಗೊತ್ತಿಲ್ಲ. ಈಗ ಅವನು ಸಹಾಯ ಮಾಡಿದಷ್ಟೂ ಅವಳು ದೂರ ಸರಿಯುತ್ತಾಳೆ. ಯಾರದೂ ತಪ್ಪಿಲ್ಲ. ಆದರೆ ಇಬ್ಬರೂ ಬದಲಾಗದೆ ಪ್ರೀತಿ ಸಾಧ್ಯವಿಲ್ಲ. ಹೊರಗಿನ ಅಡ್ಡಿ ಈ ಒಳಗಿನ ಗಾಯವನ್ನು ಮತ್ತೆ ಮತ್ತೆ ಕೆದಕಬೇಕು. ನಿಮ್ಮ ಕಾದಂಬರಿಯ ಪ್ರತಿ ಅಧ್ಯಾಯಕ್ಕೂ ಈ ಪ್ರಶ್ನೆ ಕೇಳಿ: ಇಲ್ಲಿ ಇವರನ್ನು ತಡೆಯುತ್ತಿರುವುದು ಏನು? ಉತ್ತರ ಸಿಗದ ಅಧ್ಯಾಯದಿಂದ ತಿದ್ದಲು ಶುರು ಮಾಡಿ.

ಆದರೆ ಇದೊಂದನ್ನೇ ತಿದ್ದುತ್ತ ಇನ್ನೂ ನಾಲ್ಕು ವರ್ಷ ಕಳೆಯಬೇಡಿ. ಪ್ರೇಮ ಕಾದಂಬರಿಗಳ ಹೆಸರಾಂತ ಲೇಖಕಿ ನೋರಾ ರಾಬರ್ಟ್ಸ್ ಅವರ ಆರಂಭದ ದಿನಗಳನ್ನು ನೋಡಿ. 1979ರ ಫೆಬ್ರವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಭಾರೀ ಹಿಮ ಬಿದ್ದು, ಇಬ್ಬರು ಪುಟ್ಟ ಮಕ್ಕಳ ಜೊತೆ ಮನೆಯಲ್ಲೇ ಸಿಕ್ಕಿಕೊಂಡಾಗ ಅವರು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದರು. ಬರೆದದ್ದನ್ನು ಪ್ರೇಮ ಕಾದಂಬರಿಗಳ ಪ್ರಕಾಶನ ಸಂಸ್ಥೆ ಹಾರ್ಲೆಕ್ವಿನ್‌ಗೆ ಕಳಿಸಿದರು, ಅದು ವಾಪಸ್ ಬಂತು. ಮತ್ತೊಂದು ಬರೆದರು, ಅದೂ ವಾಪಸ್. ನಮ್ಮಲ್ಲಿ ಅಮೆರಿಕದ ಲೇಖಕಿ ಒಬ್ಬರು ಆಗಲೇ ಇದ್ದಾರೆ ಎಂಬ ಉತ್ತರವೂ ಬಂದಿತ್ತಂತೆ. ಅಂದರೆ ಕೊರತೆ ಬರವಣಿಗೆಯಲ್ಲೇ ಇರಬೇಕೆಂದೇನಿಲ್ಲ. ಹಾರ್ಲೆಕ್ವಿನ್ ಪುಸ್ತಕಗಳು ಆಗ ಹೆಚ್ಚಾಗಿ ಬ್ರಿಟಿಷ್ ಲೇಖಕಿಯರವು.

ಅಷ್ಟರಲ್ಲಿ ವ್ಯಾಪಾರದ ಲೆಕ್ಕ ಬದಲಾಯಿತು. ಹಾರ್ಲೆಕ್ವಿನ್ ಪುಸ್ತಕಗಳನ್ನು ಅಮೆರಿಕದಲ್ಲಿ ಹಂಚುತ್ತಿದ್ದ ಸೈಮನ್ ಅಂಡ್ ಶುಸ್ಟರ್ ಕಂಪನಿಗೆ ಆ ಕೆಲಸ ಕೈತಪ್ಪಿತು. ಅದು 1980ರಲ್ಲಿ ಸಿಲೂಯೆಟ್ ಎಂಬ ತನ್ನದೇ ಪ್ರೇಮ ಕಾದಂಬರಿ ಮಾಲಿಕೆ ಶುರು ಮಾಡಿ, ಅಮೆರಿಕದ ಹೊಸ ಲೇಖಕಿಯರನ್ನು ಹುಡುಕತೊಡಗಿತು. ನೋರಾ ಅವರ ಮೊದಲ ಕಾದಂಬರಿ 1981ರಲ್ಲಿ ಅಲ್ಲಿಂದಲೇ ಬಂತು. ಬಾಗಿಲು ತೆರೆದದ್ದು ಅವರ ಕೈಯಲ್ಲಿರಲಿಲ್ಲ. ಅದು ತೆರೆದ ಹೊತ್ತಿಗೆ ಅವರು ಇನ್ನೂ ಬರೆಯುತ್ತಿದ್ದರು. ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಒಂದು ಕಾದಂಬರಿ ಪ್ರಕಾಶಕರ ಹತ್ತಿರ ಇರುವಾಗ ಇನ್ನೊಂದನ್ನು ಬರೆಯಿರಿ. ಇ-ಮೇಲ್ ನೋಡುತ್ತ ಕೂರಬೇಡಿ.

ಕಳಿಸುವ ಮುಂಚೆ ನಿಮ್ಮ ಕಥೆ ಪ್ರಕಾಶಕರ ಯಾವ ಮಾಲಿಕೆಗೆ ಹೊಂದುತ್ತದೆ ಎಂದು ನೋಡಿಕೊಳ್ಳಿ. ಮಿಲ್ಸ್ ಅಂಡ್ ಬೂನ್ ಮತ್ತು ಹಾರ್ಲೆಕ್ವಿನ್ ಈಗ ಒಂದೇ ಮನೆ, 2014ರಿಂದ ಹಾರ್ಪರ್‌ಕಾಲಿನ್ಸ್ ಕೈಯಲ್ಲಿವೆ. ಲೇಖಕರ ಪರವಾಗಿ ಪ್ರಕಾಶಕರೊಡನೆ ಮಾತಾಡುವ ಏಜೆಂಟ್ ಇಲ್ಲದೆಯೂ ಹೊಸಬರ ಕಥೆ ನೋಡುವ ರೂಢಿ ಅಲ್ಲಿದೆ. ಸಮಕಾಲೀನ ಮಾಲಿಕೆಗೆ ಸುಮಾರು 50,000 ಪದ ಕೇಳುತ್ತಾರೆ, ಐತಿಹಾಸಿಕಕ್ಕೆ ಇನ್ನೂ ಜಾಸ್ತಿ. ಆ ಮಾಲಿಕೆಯ ಇತ್ತೀಚಿನ ಪುಸ್ತಕಗಳನ್ನೇ ಓದಿ. ಕಾಲೇಜಿನಲ್ಲಿ ಓದಿದ ನೆನಪಿನ ಮೇಲೆ ಬರೆದರೆ ಕಥೆ ಹಳೆಯದಾಗಿ ಕಾಣುತ್ತದೆ. ಸಾರಾಂಶ ಕೇಳಿದರೆ ಅದರಲ್ಲಿ ಕೊನೆಯನ್ನೂ ಹೇಳಿಬಿಡಿ, ಗುಟ್ಟು ಮಾಡಬೇಡಿ. ಸ್ಪರ್ಧೆಗಳನ್ನೂ ಗಮನಿಸುತ್ತಿರಿ. ಮಿಲ್ಸ್ ಅಂಡ್ ಬೂನ್ ಭಾರತದಲ್ಲಿ ನಡೆಸಿದ ಸ್ಪರ್ಧೆಯೊಂದನ್ನು ಗೆದ್ದೇ ಬೆಂಗಳೂರಿನ ಲೇಖಕಿ ಮಿಲನ್ ವೋಹ್ರಾ ಆ ಸಂಸ್ಥೆಯ ಬಳಗಕ್ಕೆ ಸೇರಿದ್ದು.

ನಿಮಗೆ ಆ ಮಾತು ಬರೆದ ಸಂಪಾದಕರಿಗೇ ಎರಡನೇ ಕಾದಂಬರಿಯನ್ನು ಕಳಿಸಿ. ಹಿಂದಿನ ಸಲ ಅವರು ಹೇಳಿದ್ದನ್ನು ಪತ್ರದ ಮೊದಲಲ್ಲೇ ನೆನಪಿಸಿ, ಕೃತಜ್ಞತೆ ಹೇಳಿ. ಇದರಲ್ಲಿ ಸಂಕೋಚ ಬೇಡ. ಮನೆಯವರಿಗೂ ಆ ಪತ್ರವನ್ನು ಓದಿ ಹೇಳಿ, ಅದರ ಬೆಲೆ ಅವರಿಗೆ ಯಾರೂ ವಿವರಿಸಿರಲಿಕ್ಕಿಲ್ಲ.

ಒಪ್ಪಂದ ಬಂದ ದಿನ ಸಂಭ್ರಮ ಪಡಿ, ಸಹಿಯನ್ನು ಮಾತ್ರ ಅವತ್ತೇ ಹಾಕಬೇಡಿ. ಮುಂಗಡ ಎಷ್ಟು, ರಾಯಧನ (ಮಾರಾಟದಲ್ಲಿ ಲೇಖಕರ ಪಾಲು) ಯಾವ ಬೆಲೆಯ ಮೇಲೆ, ಅನುವಾದ ಮತ್ತು ಸಿನಿಮಾ ಹಕ್ಕು ಯಾರಿಗೆ, ಪುಸ್ತಕ ಮಾರಾಟದಲ್ಲಿ ಇಲ್ಲವಾದಾಗ ಹಕ್ಕು ನಿಮಗೆ ವಾಪಸ್ ಬರುತ್ತದೆಯೇ, ಮುಂದಿನ ಕಾದಂಬರಿಯನ್ನೂ ಅವರಿಗೇ ಮೊದಲು ತೋರಿಸಬೇಕೇ ಎಂಬುದನ್ನು ಓದಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಲೆಕ್ಕ. ಮಿಲ್ಸ್ ಅಂಡ್ ಬೂನ್ ಥರದ ಲಂಡನ್ನಿನ ಪ್ರಕಾಶಕರಾದರೆ ಯಾವ ದೇಶದ ಕಾನೂನು ನಡೆಯುತ್ತದೆ ಎಂಬುದು ಒಪ್ಪಂದದ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನೂ ಓದಿ, ಅರ್ಥವಾಗದ ಸಾಲುಗಳನ್ನು ಗುರುತು ಹಾಕಿಕೊಂಡು ಒಬ್ಬ ವಕೀಲರಿಗೆ ತೋರಿಸಿ.